ಬರೀ ಮೋಡ ಬರೆದವನ ಹುಚ್ಚು: ಕಾನ್‌ಸ್ಟೆಬಲ್ ಆಕಾಶದಲ್ಲಿ ಏನು ಹುಡುಕುತ್ತಿದ್ದ?

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜಾನ್ ಕಾನ್‌ಸ್ಟೆಬಲ್ ಎಂಬ ಚಿತ್ರಕಾರನ ಪುಟ್ಟ ಪುಟ್ಟ ಚಿತ್ರಗಳನ್ನು ನೋಡಿದೆ. ಕೆಲವುಗಳಲ್ಲಿ ಮೋಡ ಬಿಟ್ಟರೆ ಬೇರೇನೂ ಇಲ್ಲ. ಮನೆ ಇಲ್ಲ, ಮರ ಇಲ್ಲ, ಮನುಷ್ಯರೂ ಇಲ್ಲ. ಇಷ್ಟೊಂದು ಮೋಡ ಯಾಕೆ ಬರೆದ? ಇವು ಪೂರ್ತಿಯಾದ ಚಿತ್ರಗಳಾ, ಇಲ್ಲಾ ಬರೀ ಅಭ್ಯಾಸವಾ? ಇನ್ನೊಂದು ಮಾತು. ನಿವೃತ್ತಿಯಾದ ಮೇಲೆ ನಾನೂ ಜಲವರ್ಣ ಕಲಿಯುತ್ತಿದ್ದೇನೆ. ನಾನು ಬರೆದ ಮೋಡ ಹತ್ತಿ ಅಂಟಿಸಿದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಮೊದಲ ಪ್ರಶ್ನೆ ಮತ್ತು ಕೊನೆಯ ಪ್ರಶ್ನೆ ಎರಡೂ ಒಂದೇ ಅಂತ ನನಗೆ ಅನ್ನಿಸುತ್ತದೆ. ಕಾನ್‌ಸ್ಟೆಬಲ್‌ಗೆ ಮೋಡದ ಆಕಾರದ ಮೇಲೆ ಅಂಥ ಮೋಹ ಇರಲಿಲ್ಲ. ಅವನು ಬರೆಯಲು ಹೊರಟಿದ್ದು ಆ ಹೊತ್ತಿನ ಹವೆಯನ್ನು. ಗಾಳಿ ಎಲ್ಲಿಂದ ಬರುತ್ತಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಗಂಟೆ ಎಷ್ಟು, ಇನ್ನು ಸ್ವಲ್ಪ ಹೊತ್ತಿಗೆ ಏನಾಗಬಹುದು ಅನ್ನುವುದೆಲ್ಲ ಅದರಲ್ಲಿ ಸೇರಿತ್ತು. ಇದನ್ನು ಬಿಟ್ಟು ಆಕಾರವನ್ನಷ್ಟೇ ಹಿಡಿಯಲು ಹೋದರೆ ಮೋಡ ಹತ್ತಿಯಾಗುತ್ತದೆ.

ಅವನ ಹಿನ್ನೆಲೆಯಿಂದ ಶುರು ಮಾಡೋಣ. ಕಾನ್‌ಸ್ಟೆಬಲ್ ಹುಟ್ಟಿದ್ದು 1776ರಲ್ಲಿ, ಇಂಗ್ಲೆಂಡಿನ ಸಫಕ್ ಜಿಲ್ಲೆಯ ಈಸ್ಟ್ ಬರ್ಗಾಲ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ಗೋಲ್ಡಿಂಗ್ ಕಾನ್‌ಸ್ಟೆಬಲ್ ಹಿಟ್ಟಿನ ಗಿರಣಿಗಳ ಮಾಲೀಕ. ನದಿಯ ನೀರಿನಿಂದ ತಿರುಗುವ ಗಿರಣಿಗಳಿದ್ದವು, ಊರ ಬಯಲಿನಲ್ಲಿ ಒಂದು ಗಾಳಿ ಗಿರಣಿಯೂ ಇತ್ತು. ಹುಡುಗ ಸ್ವಲ್ಪ ಕಾಲ ಆ ಗಾಳಿ ಗಿರಣಿಯಲ್ಲಿ ಕೆಲಸ ಮಾಡಿದ. 1792ರಲ್ಲಿ ಅದರ ಮರದ ತೊಲೆಯೊಂದರ ಮೇಲೆ ತನ್ನ ಹೆಸರು, ವರ್ಷ ಎರಡನ್ನೂ ಕೆತ್ತಿದ್ದ.

ಗಾಳಿ ಗಿರಣಿಯವನಿಗೆ ಆಕಾಶ ನೋಡುವುದು ಹವ್ಯಾಸವಲ್ಲ, ಹೊಟ್ಟೆಪಾಡು. ಗಾಳಿಯ ದಿಕ್ಕಿಗೆ ರೆಕ್ಕೆಗಳನ್ನು ತಿರುಗಿಸಬೇಕು. ಬಿರುಗಾಳಿ ಬರುವ ಸೂಚನೆ ಮೊದಲೇ ಸಿಗದಿದ್ದರೆ ರೆಕ್ಕೆ ಮುರಿಯಬಹುದು, ಗಿರಣಿಯೇ ಹಾಳಾಗಬಹುದು. ದೊಡ್ಡ ಮೋಡಗಳ ಕೆಳಗೆ, ನೆಲಕ್ಕೆ ಹತ್ತಿರದಲ್ಲಿ ಓಡುವ ಚಿಕ್ಕ ಚಿಕ್ಕ ಮೋಡದ ತುಣುಕುಗಳಿಗೆ ಗಿರಣಿಯವರೂ ನಾವಿಕರೂ ‘ದೂತರು’ ಅಂತ ಹೇಳುತ್ತಿದ್ದರಂತೆ. ಅವು ಕಂಡರೆ ಹವೆ ಕೆಡುತ್ತದೆ ಅಂತಲೇ ಲೆಕ್ಕ. ಇದನ್ನು ಕಾನ್‌ಸ್ಟೆಬಲ್ ತಾನೇ ಬರೆದಿಟ್ಟಿದ್ದಾನೆ. ನಮ್ಮ ಕಡೆ ಆರಿದ್ರಾ ಮಳೆ, ಹಸ್ತದ ಮಳೆ ಅಂತ ಲೆಕ್ಕ ಇಟ್ಟುಕೊಂಡು ಮೋಡದ ಮುಖ ನೋಡಿ ಬಿತ್ತುವವರಿಗೆ ಈ ಬಗೆಯ ಓದು ಹೊಸದಲ್ಲ. ಕಾನ್‌ಸ್ಟೆಬಲ್‌ನ ತಮ್ಮ ಏಬ್ರಮ್ ಅಪ್ಪನ ಗಿರಣಿಗಳನ್ನು ನೋಡಿಕೊಂಡವನು. ಅವನು ಹೇಳಿದ ಮಾತೊಂದು ನನಗೆ ತುಂಬಾ ಇಷ್ಟ. ಜಾನ್ ಬರೆದ ಗಿರಣಿ ನೋಡಿದರೆ ಅದು ತಿರುಗುತ್ತದೆ ಅಂತ ಗೊತ್ತಾಗುತ್ತದೆ, ಬೇರೆ ಚಿತ್ರಕಾರರ ಗಿರಣಿಗಳಿಗೆ ಆ ಮಾತು ಹೇಳಲಾಗುವುದಿಲ್ಲ ಅಂದಿದ್ದನಂತೆ. ಕಲಾ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ನೀವು ನೋಡಿದ ಚಿತ್ರಗಳಲ್ಲಿ ಬಹುಪಾಲು 1821 ಮತ್ತು 1822ರವು. ಆಗ ಅವನಿಗೆ ನಲವತ್ತೈದು ದಾಟಿತ್ತು. ಹೆಂಡತಿ ಮರಿಯಾಗೆ ಕ್ಷಯ. ಲಂಡನ್ನಿನ ಹೊಗೆ ಅವಳಿಗೆ ಆಗಿಬರುತ್ತಿರಲಿಲ್ಲ. ಹಾಗಾಗಿ 1819ರಿಂದ ಬೇಸಿಗೆಯಲ್ಲಿ ಊರಿನ ಉತ್ತರಕ್ಕಿದ್ದ ಹ್ಯಾಂಪ್‌ಸ್ಟೆಡ್‌ನಲ್ಲಿ ಬಾಡಿಗೆ ಮನೆ ಹಿಡಿಯತೊಡಗಿದ. ಈಗ ಅದು ಲಂಡನ್ನಿನೊಳಗೇ ಇದೆ. ಆಗ ಅದು ಗುಡ್ಡದ ಮೇಲಿನ ಹಳ್ಳಿ. ಎತ್ತರದ ಜಾಗ ಸಮುದ್ರ ಮಟ್ಟದಿಂದ ಸುಮಾರು 130 ಮೀಟರ್. ಮಲೆನಾಡಿನವರಾದ ನಿಮಗೆ ಅದು ಗುಡ್ಡ ಅನ್ನಿಸದಿರಬಹುದು. ಆದರೆ ಸುತ್ತ ಎಲ್ಲ ತಗ್ಗು, ಬಯಲು. ಆಕಾಶಕ್ಕೆ ಯಾವುದೂ ಅಡ್ಡ ಇಲ್ಲ. ಮನೆಯಲ್ಲಿ ಕಾಯಿಲೆಯ ಹೆಂಡತಿ, ಚಿಕ್ಕ ಮಕ್ಕಳು. ದೂರ ಹೋಗುವ ಹಾಗಿಲ್ಲ. ಮನೆಯ ಬಾಗಿಲು ದಾಟಿದರೆ ಆಕಾಶ. ಅವನು ಅದನ್ನೇ ಬರೆದ.

ಈಗ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಇದು ಲಂಡನ್ನಿನ ರಾಯಲ್ ಅಕಾಡೆಮಿಯ ಸಂಗ್ರಹದಲ್ಲಿದೆ. ಕಾಗದದ ಮೇಲೆ ತೈಲವರ್ಣ. ಬಲ ಮೂಲೆಯಲ್ಲಿ ಒಂದು ಮರದ ತುದಿ, ಉಳಿದದ್ದೆಲ್ಲ ಮೋಡ. ಅದರ ಮೇಲೆ ಅವನೇ ಬರೆದ ಟಿಪ್ಪಣಿ ಹೀಗಿದೆ: ಹ್ಯಾಂಪ್‌ಸ್ಟೆಡ್, 1821 ಸೆಪ್ಟೆಂಬರ್ 11, ಬೆಳಗ್ಗೆ 10ರಿಂದ 11, ಸೂರ್ಯನ ಕೆಳಗೆ. ಮೋಡಗಳು ಬೆಳ್ಳಿಯಂಥ ಬೂದು, ಹಿಂದೆ ಬೆಚ್ಚನೆಯ ಬಣ್ಣ, ಸೆಕೆ. ನೈಋತ್ಯದ ಕಡೆ ತೆಳುಗಾಳಿ. ದಿನವೆಲ್ಲ ಚೆನ್ನಾಗಿತ್ತು, ಆದರೆ ಆ ರಾತ್ರಿ ಮಳೆ ಬಂತು.

ಕೊನೆಯ ವಾಕ್ಯ ಗಮನಿಸಿ. ಬೆಳಗ್ಗೆ ಹನ್ನೊಂದಕ್ಕೆ ಚಿತ್ರ ಮುಗಿಸಿದವನಿಗೆ ರಾತ್ರಿ ಮಳೆ ಬರುವುದು ಹೇಗೆ ಗೊತ್ತು? ಅಂದರೆ ಅವನು ಮತ್ತೆ ಬಂದು ಅದೇ ಹಾಳೆಯಲ್ಲಿ ಬರೆದಿದ್ದಾನೆ. ಈ ಮೋಡದಿಂದ ಕೊನೆಗೆ ಏನಾಯಿತು ಅಂತ ಲೆಕ್ಕ ಮುಗಿಸಿದ್ದಾನೆ. ಚಂದಕ್ಕೆ ಮಾತ್ರ ಮೋಡ ಬರೆಯುವವನಿಗೆ ಇದರ ಅಗತ್ಯವೇ ಇಲ್ಲ, ಅಲ್ವಾ? ಇನ್ನೊಂದು ಹಾಳೆ 1822ರ ಸೆಪ್ಟೆಂಬರ್ 5ರದ್ದು. ಆಗ್ನೇಯಕ್ಕೆ ಮುಖ, ನಡು ಮಧ್ಯಾಹ್ನ, ಗಾಳಿ ಜೋರು, ಮೋಡಗಳು ತುಂಬಾ ವೇಗವಾಗಿ ಓಡುತ್ತಿವೆ, ನಡುನಡುವೆ ಹೊಳೆಯುವ ನೀಲಿ ಕಿಂಡಿಗಳು ತೆರೆಯುತ್ತಿವೆ ಅಂತ ಅದರ ಟಿಪ್ಪಣಿ. ಈ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಆ ಕಾಲದ ಲಂಡನ್ ಹವಾಮಾನ ದಾಖಲೆಗಳ ಜೊತೆ ಇಟ್ಟು ನೋಡಿದ ಹವಾಮಾನ ತಜ್ಞರಿದ್ದಾರೆ. ಅವನ ಕಣ್ಣು ಸುಳ್ಳು ಹೇಳಿಲ್ಲ ಅನ್ನುವುದು ಅವರ ಅಭಿಪ್ರಾಯ.

ಕೆಲಸದ ರೀತಿಯೂ ಇದಕ್ಕೆ ತಕ್ಕಂತೆಯೇ ಇತ್ತು. ಬಣ್ಣದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮುಚ್ಚಳದ ಒಳಬದಿಗೆ ಕಾಗದ ಚುಚ್ಚಿ, ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಚ್ಚಿ ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ. ಈಗಿನ ಹಾಗೆ ಟ್ಯೂಬಿನ ಬಣ್ಣ ಆಗ ಇರಲಿಲ್ಲ. ಲೋಹದ ಟ್ಯೂಬಿಗೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಕಾಲದಲ್ಲಿ ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಮಾರುತ್ತಿದ್ದರು. ಅದಕ್ಕೆ ತೂತು ಮಾಡಿ ಬೇಕಾದಷ್ಟು ಹಿಂಡಿಕೊಳ್ಳಬೇಕು. ಓಡುವ ಮೋಡದ ಎದುರು, ಗಾಳಿಯಲ್ಲಿ ಕೂತು ಈ ಗೋಳು! ಆದರೂ 1822ರ ಅಕ್ಟೋಬರ್‌ನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಎಚ್ಚರಿಕೆಯಿಂದ ಮಾಡಿದ ಆಕಾಶದ ಚಿತ್ರಗಳು ಸುಮಾರು 50 ಆಗಿವೆ ಅಂತ ಹೇಳುತ್ತಾನೆ.

ಆ ಗೆಳೆಯ ಜಾನ್ ಫಿಶರ್, ಒಬ್ಬ ಪಾದ್ರಿ. ಕಾನ್‌ಸ್ಟೆಬಲ್ ತನ್ನ ಮನಸ್ಸಿನ ಮಾತನ್ನೆಲ್ಲ ಹೇಳಿಕೊಂಡಿದ್ದು ಇವನ ಹತ್ತಿರ. 1821ರ ಅಕ್ಟೋಬರ್ 23ರ ಪತ್ರದಲ್ಲಿ ನಿಮ್ಮ ‘ಯಾಕೆ’ಗೆ ನೇರ ಉತ್ತರ ಇದೆ. ಆಕಾಶವನ್ನು ವಸ್ತುಗಳ ಹಿಂದೆ ಹರಡಿದ ಬಿಳಿ ಬಟ್ಟೆಯ ಹಾಗೆ ನೋಡು ಅಂತ ಅವನಿಗೆ ಯಾರೋ ಬುದ್ಧಿ ಹೇಳಿದ್ದರು. ಆಗಿನ ಕಲಾಶಾಲೆಯ ನಂಬಿಕೆ ಅದು. ನೆಲ ಮುಖ್ಯ, ಆಕಾಶ ಹಿಂದಿನ ಪರದೆ. ಕಾನ್‌ಸ್ಟೆಬಲ್ ಇದನ್ನು ಒಪ್ಪಲಿಲ್ಲ. ಪ್ರಕೃತಿಯಲ್ಲಿ ಬೆಳಕು ಬರುವುದೇ ಆಕಾಶದಿಂದ, ಎಲ್ಲವನ್ನೂ ಆಳುವುದು ಅದೇ, ಚಿತ್ರದ ಭಾವ ನಿಲ್ಲುವುದೂ ಅದರ ಮೇಲೆ ಅಂತ ವಾದಿಸಿದ. ಯೋಚಿಸಿ ನೋಡಿ, ಇದು ಕವಿತೆಯ ಮಾತಲ್ಲ, ತೀರಾ ವ್ಯವಹಾರದ ಮಾತು. ಮೋಡ ಸರಿದರೆ ಗದ್ದೆಯ ಹಸಿರು ಬದಲಾಗುತ್ತದೆ, ಹೊಳೆಯ ನೀರಿನ ಬಣ್ಣ ಬದಲಾಗುತ್ತದೆ, ಹಸುವಿನ ಬೆನ್ನಿನ ಮೇಲಿನ ಹೊಳಪೂ ಬದಲಾಗುತ್ತದೆ. ಹಾಗಿರುವಾಗ ಆಕಾಶವನ್ನು ಕೊನೆಗೆ ಸುಮ್ನೆ ತುಂಬಿಸಿದರೆ ನೆಲದ ಬಣ್ಣವೂ ಸುಳ್ಳಾಗುತ್ತದೆ.

ಈ ಹಟಕ್ಕೆ ಅವನು ಬೆಲೆಯನ್ನೂ ತೆತ್ತ. ಆ ಕಥೆ ಹೇಳಲೇಬೇಕು. ಫಿಶರ್‌ನ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದ, ಹೆಸರೂ ಜಾನ್ ಫಿಶರ್ ಎಂದೇ ಇದ್ದ ಹಿರಿಯರೊಬ್ಬರು ಸಾಲ್ಸ್‌ಬರಿಯ ಬಿಷಪ್. ತಮ್ಮ ಇಗರ್ಜಿಯ ಚಿತ್ರ ಬೇಕು ಅಂದರು. ಕಾನ್‌ಸ್ಟೆಬಲ್ ಬರೆದುಕೊಟ್ಟ. 1823ರಲ್ಲಿ ಪ್ರದರ್ಶನವೂ ಆಯಿತು. ಎಡ ಮೂಲೆಯಲ್ಲಿ ಬಿಷಪ್ಪರೇ ಹೆಂಡತಿಯ ಜೊತೆ ನಿಂತು ಕೋಲಿನಿಂದ ಗೋಪುರ ತೋರಿಸುತ್ತಿದ್ದಾರೆ. ಗೋಪುರದ ಹಿಂದೆ ಮೋಡ ಕವಿದಿದೆ. ಬಿಷಪ್ಪರಿಗೆ ಅದೊಂದೇ ಇಷ್ಟವಾಗಲಿಲ್ಲ. ಆ ಕಪ್ಪು ಮೋಡ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಮಳೆ ಬರುವಾಗ ಮಾತ್ರ ಮೋಡ ಕಪ್ಪಾಗುವುದು, ಒಳ್ಳೆಯ ಹವೆಯಲ್ಲಿ ಆಕಾಶ ನೀಲಿಯಾಗಿರುತ್ತದೆ ಅಂದರಂತೆ. ಕೊನೆಗೆ ಕಾನ್‌ಸ್ಟೆಬಲ್ ಅದೇ ನೋಟವನ್ನು ತಿಳಿ ಆಕಾಶದೊಂದಿಗೆ ಮತ್ತೆ ಬರೆದ. ಅದು ಮುಗಿಯುವ ಮೊದಲೇ, 1825ರಲ್ಲಿ ಬಿಷಪ್ ತೀರಿಕೊಂಡರು. ಮೋಡದ ಚಿತ್ರ ಈಗ ನೀವು ಹೋಗಿದ್ದ ಮ್ಯೂಸಿಯಂನಲ್ಲೇ ಇದೆ, ತಿಳಿ ಆಕಾಶದ್ದು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ನನ್ನ ಕೇಳಿದರೆ ಮೊದಲನೆಯದೇ ಸರಿ. ಹಿಂದೆ ಬೂದು ಇರುವುದರಿಂದಲೇ ಆ ಬಿಳಿ ಕಲ್ಲಿನ ಗೋಪುರ ಹೊಳೆಯುತ್ತದೆ.

ಅಲ್ಲದೆ ಬಿಷಪ್ಪರ ಹವಾಮಾನ ಜ್ಞಾನವೂ ತಪ್ಪು. ಒಳ್ಳೆಯ ಹವೆಯಲ್ಲೂ ಮೋಡದ ತಳ ಕಪ್ಪಾಗಿ ಕಾಣಬಹುದು. ಮೋಡದಲ್ಲಿರುವುದು ತೀರಾ ಚಿಕ್ಕ ನೀರಿನ ಹನಿಗಳು. ಒಂದೊಂದರ ಗಾತ್ರ ಹೆಚ್ಚುಕಡಿಮೆ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಬಿಸಿಲಿನ ಎಲ್ಲ ಬಣ್ಣಗಳನ್ನೂ ಅವು ಸುಮಾರಾಗಿ ಒಂದೇ ಪ್ರಮಾಣದಲ್ಲಿ ಚದುರಿಸುತ್ತವೆ. ಅದಕ್ಕೇ ಮೋಡ ಬಿಳಿ. ಆದರೆ ಮೋಡ ದಪ್ಪವಾದಷ್ಟೂ ಮೇಲಿನಿಂದ ಬಂದ ಬೆಳಕು ಮೇಲಕ್ಕೂ ಪಕ್ಕಕ್ಕೂ ಹೋಗಿಬಿಡುತ್ತದೆ. ತಳಕ್ಕೆ ತಲುಪುವುದು ಕಡಿಮೆ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಹೊಳೆಯುವ ಮೋಡವೇ, ಸೂರ್ಯ ಅದರ ಹಿಂದಿದ್ದರೆ ಅಂಚು ಮಾತ್ರ ಬೆಳಗಿ ಹೊಟ್ಟೆ ಕಪ್ಪಾಗುತ್ತದೆ. ಮೋಡ ಅದೇ, ನೀವು ನಿಂತ ಜಾಗ ಬೇರೆ. ಮೊದಲ ಹಾಳೆಯಲ್ಲಿ ‘ಸೂರ್ಯನ ಕೆಳಗೆ’ ಅಂತ ಅವನು ಬರೆದದ್ದಕ್ಕೆ ಇಷ್ಟು ಅರ್ಥ ಇದೆ.

ಹಾಗಾದರೆ ಇದನ್ನೆಲ್ಲ ಅವನು ವಿಜ್ಞಾನದ ಪುಸ್ತಕ ಓದಿ ಕಲಿತನಾ? ಇದು ಪಂಡಿತರ ನಡುವೆ ಹಳೆಯ ಜಗಳ. 1802ರ ಡಿಸೆಂಬರ್‌ನಲ್ಲಿ ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕ ಲಂಡನ್ನಿನ ಒಂದು ಸಣ್ಣ ಸಂಘದಲ್ಲಿ ಉಪನ್ಯಾಸ ಕೊಟ್ಟು ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್, ನಿಂಬಸ್ ಅಂತ ಹೆಸರಿಟ್ಟ. ಇವತ್ತಿಗೂ ಟಿವಿಯ ಹವಾಮಾನ ವರದಿಯ ಹಿಂದೆ ಇರುವುದು ಅವೇ ಹೆಸರುಗಳು. ಹೊವಾರ್ಡನ ವರ್ಗೀಕರಣವನ್ನು ವಿವರಿಸುವ ಥಾಮಸ್ ಫಾರ್ಸ್ಟರ್‌ನ ಪುಸ್ತಕ ಕಾನ್‌ಸ್ಟೆಬಲ್ ಹತ್ತಿರ ಇತ್ತು. ಅಂಚಿನಲ್ಲಿ ಅವನು ಗೀಚಿದ ಟಿಪ್ಪಣಿಗಳೂ ಇವೆ. ಒಂದು ಚಿತ್ರದಲ್ಲಿ ‘ಸಿರಸ್’ ಅಂತ ಬರೆದೂ ಇದ್ದಾನೆ. ಆದರೆ ಉಳಿದ ಟಿಪ್ಪಣಿಗಳಲ್ಲಿ ಇರುವುದು ಬಹುಮಟ್ಟಿಗೆ ಗಿರಣಿಯವನ ಭಾಷೆ. ಗಾಳಿ, ಗಂಟೆ, ದಿಕ್ಕು, ಸೆಕೆ, ಮಳೆ. ನನ್ನ ಅಂದಾಜಿನಲ್ಲಿ ಕಣ್ಣು ಗಿರಣಿಯಿಂದ ಬಂತು, ಹೆಸರುಗಳು ಪುಸ್ತಕದಿಂದ ಬಂದವು.

ಇದೇ ಹೊವಾರ್ಡನ ಬಗ್ಗೆ ಜರ್ಮನಿಯಲ್ಲಿ ಮಹಾಕವಿ ಗಯಟೆಗೆ ಭಾರಿ ಅಭಿಮಾನ. 1816ರಲ್ಲಿ ಅವನು ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಎಂಬ ದೊಡ್ಡ ಚಿತ್ರಕಾರನಿಗೆ ಆ ವರ್ಗೀಕರಣದ ಪ್ರಕಾರ ಮೋಡ ಬರೆದುಕೊಡು ಅಂತ ಕೇಳಿಸಿದ. ಫ್ರೀಡ್ರಿಕ್ ಆಗುವುದಿಲ್ಲ ಅಂದುಬಿಟ್ಟ. ಮೋಡವನ್ನು ಹೀಗೆ ಕಪಾಟಿಗೆ ಸೇರಿಸಿದರೆ ನಿಸರ್ಗ ಚಿತ್ರದ ಬುಡವೇ ಅಲುಗಾಡುತ್ತದೆ ಅನ್ನುವುದು ಅವನ ಹೆದರಿಕೆ. ಕಾನ್‌ಸ್ಟೆಬಲ್‌ಗೆ ಆ ಹೆದರಿಕೆ ಇರಲಿಲ್ಲ. 1836ರಲ್ಲಿ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಚಿತ್ರಕಲೆಯೂ ಒಂದು ವಿಜ್ಞಾನ, ಚಿತ್ರಗಳು ಅದರ ಪ್ರಯೋಗಗಳು ಅಂತ ನೇರವಾಗಿಯೇ ಹೇಳಿದ.

ಹಾಗಂತ ಅವನ ಮೋಡದಲ್ಲಿ ಮನಸ್ಸು ಇಲ್ಲ ಅಂದುಕೊಳ್ಳಬೇಡಿ. ಮರಿಯಾ 1828ರ ನವೆಂಬರ್‌ನಲ್ಲಿ ತೀರಿಕೊಂಡಳು. ಏಳು ಮಕ್ಕಳು ಅವನ ಕೈಯಲ್ಲಿ ಉಳಿದರು. ಮರುವರ್ಷ ಅವನು ಪ್ರದರ್ಶಿಸಿದ ಚಿತ್ರ ಹ್ಯಾಡ್ಲಿ ಕೋಟೆಯದ್ದು. ಥೇಮ್ಸ್ ನದಿ ಸಮುದ್ರ ಸೇರುವ ಕಡೆಯಲ್ಲಿರುವ ಪಾಳು ಕೋಟೆ ಅದು. ಅದನ್ನು ಅವನು ಕಂಡು ಪೆನ್ಸಿಲ್‌ನಲ್ಲಿ ಗೀಚಿಕೊಂಡಿದ್ದು 1814ರಲ್ಲಿ. ಹದಿನೈದು ವರ್ಷ ಪುಸ್ತಕದಲ್ಲೇ ಬಿದ್ದಿದ್ದ ಗೀಟುಗಳನ್ನು ಈಗ ಹೊರಗೆ ತೆಗೆದ. ಬಿರುಗಾಳಿಯ ನಂತರದ ಬೆಳಗು, ಹರಿದು ಚಿಂದಿಯಾದ ಮೋಡಗಳು, ಅವುಗಳ ಸಂದಿಯಿಂದ ನೀರಿನ ಮೇಲೆ ಬೀಳುವ ಬೆಳಕು. ಹ್ಯಾಂಪ್‌ಸ್ಟೆಡ್‌ನಲ್ಲಿ ಕೈಗೆ ಬಂದ ಅಭ್ಯಾಸ ಇಲ್ಲದಿದ್ದರೆ ಈ ದುಃಖ ಕ್ಯಾನ್ವಾಸಿಗೆ ಬರುತ್ತಿರಲಿಲ್ಲ. ಬಂದಿದ್ದರೂ ನಾಟಕೀಯವಾಗುತ್ತಿತ್ತು.

ಇನ್ನು ನಿಮ್ಮ ಹತ್ತಿಯ ವಿಷಯ. ಚಿತ್ರ ನೋಡದೆ ಹೇಳುವುದು ಕಷ್ಟ, ಆದರೆ ಜಲವರ್ಣ ಕಲಿಯುವವರಲ್ಲಿ ನಾನು ಕಂಡ ಕಾರಣಗಳು ಹೆಚ್ಚಾಗಿ ಇವೇ. ಮೊದಲು ಪೆನ್ಸಿಲ್‌ನಲ್ಲಿ ಮೋಡದ ಗೆರೆ ಎಳೆದು ಒಳಗೆ ಬಿಳಿ ಬಿಡುತ್ತಾರೆ, ಹೊರಗೆ ನೀಲಿ ತುಂಬುತ್ತಾರೆ. ಆಗ ಮೋಡದ ಸುತ್ತ ಎಲ್ಲ ಕಡೆ ಒಂದೇ ರೀತಿಯ ಗಟ್ಟಿ ಅಂಚು ಬರುತ್ತದೆ. ಅಲ್ಲೇ ಹತ್ತಿ ಹುಟ್ಟುವುದು. ನಿಜವಾದ ಮೋಡದಲ್ಲಿ ಬಿಸಿಲು ಬೀಳುವ ಕಡೆಯ ಅಂಚು ಚುರುಕು, ನೆರಳಿನ ಕಡೆ ಅದು ನೀಲಿಯಲ್ಲಿ ಕರಗಿಹೋಗುತ್ತದೆ. ಒಂದು ಬದಿಯನ್ನು ಹಾಗೇ ಬಿಡಿ. ಇನ್ನೊಂದು ಬದಿಗೆ, ಬಣ್ಣ ಹಸಿ ಇರುವಾಗಲೇ ಬರೀ ನೀರಿನ ಬ್ರಷ್ ತಾಗಿಸಿ ಅಂಚನ್ನು ಸಡಿಲಿಸಿ. ಇಷ್ಟು ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ.

ಉಳಿದ ಅರ್ಧ ದೂರಕ್ಕೆ ಸಂಬಂಧಿಸಿದ್ದು. ಒಂದೇ ದಿನದ ಕ್ಯುಮುಲಸ್, ಅಂದರೆ ರಾಶಿ ರಾಶಿಯಾಗಿ ಉಬ್ಬುವ ಮೋಡಗಳ ತಳ ಸುಮಾರಾಗಿ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿರುತ್ತದೆ. ಕೆಳಗಿನ ಬಿಸಿಗಾಳಿ ಮೇಲೇರುತ್ತಾ ತಣ್ಣಗಾಗಿ, ಒಂದು ಎತ್ತರ ಮುಟ್ಟಿದ ಮೇಲೆ ಅದರ ತೇವ ಹನಿಗಟ್ಟುತ್ತದೆ. ಆ ಎತ್ತರವೇ ತಳ. ಅಂದರೆ ನಿಮ್ಮ ತಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಮಟ್ಟಸವಾದ ಚಾವಣಿ ಇದೆ. ಮೋಡಗಳೆಲ್ಲ ಅದರ ಮೇಲೆ ಕೂತಿವೆ. ಹತ್ತಿರದವು ದೊಡ್ಡದಾಗಿ, ತಳ ಚೆನ್ನಾಗಿ ಕಾಣುವ ಹಾಗೆ ಇರುತ್ತವೆ. ದಿಗಂತದ ಕಡೆಗೆ ಹೋದಂತೆ ಚಿಕ್ಕದಾಗಿ, ಚಪ್ಪಟೆಯಾಗಿ, ಒತ್ತೊತ್ತಾಗಿ ಕಾಣುತ್ತವೆ. ಹೆಚ್ಚಿನವರು ಹಾಳೆಯ ತುಂಬ ಒಂದೇ ಗಾತ್ರದ ಮೋಡ ಹರಡಿಬಿಡುತ್ತಾರೆ. ಬಣ್ಣದಲ್ಲೂ ಇದೇ ಕಥೆ. ದೂರದ ಮೋಡದ ಬಿಳಿಗೆ ತುಸು ಹಳದಿ ಓಕರ್ ಸೇರಿಸಿ. ನೆರಳಿಗೆ ಕಪ್ಪು ಬಣ್ಣ ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಲೈಟ್ ರೆಡ್ ಅಥವಾ ಬರ್ನ್ಟ್ ಸಿಯೆನ್ನಾ ಬೆರೆಸಿ. ಕಾಗದದ ಅಚ್ಚ ಬಿಳಿಯನ್ನು ಒಂದೇ ಒಂದು ಜಾಗಕ್ಕೆ ಉಳಿಸಿಕೊಳ್ಳಿ.

ಯಾವಾಗ ಕೂರಬೇಕು ಅನ್ನುವುದೂ ಮುಖ್ಯ. ಆಷಾಢದ ಮಲೆನಾಡಿನ ಆಕಾಶದಲ್ಲಿ ಕಲಿಯಲು ಹೋಗಬೇಡಿ. ಅದು ದಿನಗಟ್ಟಲೆ ಒಂದೇ ಬೂದು, ಹಿಡಿಯಲು ರೂಪವೇ ಸಿಗುವುದಿಲ್ಲ. ಹಸ್ತ, ಚಿತ್ತಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಬೆಳಗ್ಗೆ ತಿಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುವ ದಿನಗಳು ಸಿಗುತ್ತವೆ. ಹತ್ತು ಗಂಟೆಗೆ ಕೂತರೆ ಮೋಡ ಹುಟ್ಟುವುದನ್ನೇ ನೋಡಬಹುದು. ಅಂಗೈಯಗಲದ ಹಾಳೆ ಸಾಕು. ಚಿತ್ರ ಮುಗಿದ ಮೇಲೆ ಹಿಂದೆ ಗಂಟೆ, ದಿಕ್ಕು, ಗಾಳಿ ಬರೆಯಿರಿ. ರಾತ್ರಿ ಮಳೆ ಬಂದರೆ ಅದನ್ನೂ ಬರೆಯಿರಿ. ಗಾಳಿಯ ದಿಕ್ಕು ಬರೆಯಬೇಕು ಅಂತ ಗೊತ್ತಿದ್ದರೆ ಕೈ ತಾನಾಗಿಯೇ ಮೋಡವನ್ನು ಒಂದು ಕಡೆಗೆ ವಾಲಿಸುತ್ತದೆ. ಇನ್ನೊಂದು ಸಮಾಧಾನದ ಮಾತು. 1821ರ ಅದೇ ಪತ್ರದಲ್ಲಿ ಕಾನ್‌ಸ್ಟೆಬಲ್ ತನ್ನ ಆಕಾಶಗಳು ಎಷ್ಟೋ ಸಲ ಕೆಟ್ಟಿವೆ ಅಂತ ಒಪ್ಪಿಕೊಳ್ಳುತ್ತಾನೆ. ಅವುಗಳ ಬಗ್ಗೆ ಅತಿಯಾಗಿ ಆತಂಕ ಪಟ್ಟದ್ದೇ ಕಾರಣ, ಪ್ರಕೃತಿಯ ಚಲನೆಯಲ್ಲಿರುವ ಸಲೀಸುತನ ಆ ಆತಂಕದಿಂದ ಹಾಳಾಗುತ್ತದೆ ಅನ್ನುತ್ತಾನೆ.

ಕೊನೆಯದಾಗಿ, ಪೂರ್ತಿ ಚಿತ್ರವಾ ಅಭ್ಯಾಸವಾ ಅನ್ನುವ ಪ್ರಶ್ನೆ. ಅವನ ಮಟ್ಟಿಗೆ ಇವು ಅಭ್ಯಾಸವೇ. ಬದುಕಿರುವಾಗ ಈ ಬರೀ ಮೋಡದ ಹಾಳೆಗಳನ್ನು ಅವನು ಪ್ರದರ್ಶನಕ್ಕೆ ಇಡಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದದ್ದು ‘ಹೇ ವೇನ್’ ಎಂಬ ದೊಡ್ಡ ಚಿತ್ರವೂ ಸೇರಿದಂತೆ ಅವನ ಕ್ಯಾನ್ವಾಸುಗಳಿಗೆ, ಇವಕ್ಕಲ್ಲ. 1837ರಲ್ಲಿ ಅವನು ತೀರಿಕೊಂಡ ಮೇಲೆ ಹಾಳೆಗಳು ಮಕ್ಕಳ ಹತ್ತಿರ ಉಳಿದವು. ನೀವು ನೋಡಿದವುಗಳಲ್ಲಿ ಹಲವನ್ನು ಮಗಳು ಇಸಬೆಲ್ 1888ರಲ್ಲಿ ಆ ಮ್ಯೂಸಿಯಂಗೆ ಕೊಟ್ಟಳು. ನಮಗೆ ಮಾತ್ರ ಇವತ್ತು ಅವು ಪೂರ್ತಿ ಚಿತ್ರಗಳಾಗಿಯೇ ಕಾಣುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ನನಗಂತೂ ಅವನ ಆರಡಿ ಕ್ಯಾನ್ವಾಸುಗಳಿಗಿಂತ ಇವೇ ಇಷ್ಟ. ಮುಂದಿನ ಸಲ ಮಗಳ ಮನೆಗೆ ಹೋದಾಗ ರಾಯಲ್ ಅಕಾಡೆಮಿ ಮತ್ತು ಟೇಟ್ ಬ್ರಿಟನ್ ಎರಡಕ್ಕೂ ಹೋಗಿಬನ್ನಿ. ಎಲ್ಲ ಹಾಳೆಗಳನ್ನೂ ಯಾವಾಗಲೂ ಗೋಡೆಗೆ ಹಾಕಿರುವುದಿಲ್ಲ, ಹಾಗಾಗಿ ಹೋಗುವ ಮೊದಲು ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.